ಎಲ್ಲ ಡೈವಿಂಗಿಗೂ ಒಂದೇ ಜೊತೆ ಫಿನ್ ಸಾಕಾ?

ನೇತ್ರಾಣಿ ದ್ವೀಪದಲ್ಲಿ ಒಂದು ಸಲ ನೀರಿಗಿಳಿದಿದ್ದೀರಿ, ಮುಂದೆ ಅಂಡಮಾನಿಗೆ ಹೋಗಿ ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮಾಡಬೇಕು ಅಂತಿದ್ದೀರಿ, ಅದಕ್ಕೆ ಕುಶಾಲನಗರದಲ್ಲೇ ಕೂತು ಆನ್‌ಲೈನಲ್ಲಿ ಯಾವ ಫಿನ್ (ಈಜಲು ಪಾದಕ್ಕೆ ಹಾಕುವ ರೆಕ್ಕೆ) ತರಿಸಲಿ, ಸ್ಪ್ಲಿಟ್ ಫಿನ್ ಒಳ್ಳೆಯದಾ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆಯವನು. ಘಾಟಿ ಇಳಿಯದೆ ಸಮುದ್ರ ಸಿಗದವರ ಕಷ್ಟ ನನಗೂ ಗೊತ್ತು.

ಕೋರ್ಸ್ ಮುಗಿಯುವ ತನಕ ಏನೂ ಕೊಳ್ಳಬೇಡಿ. ಡೈವ್ ಸೆಂಟರಿನವರೇ ಫಿನ್ ಕೊಡುತ್ತಾರೆ. ಎರಡು ಮೂರು ಬಗೆ ಇದ್ದರೆ ಕೇಳಿ ಬದಲಾಯಿಸಿ ಹಾಕಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಈಗಲೇ ಕೈ ತುರಿಸುತ್ತಿದ್ದರೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ತಗೊಳ್ಳಿ, ಆ ದುಡ್ಡು ದಂಡವಾಗುವುದಿಲ್ಲ.

ಎಲ್ಲರೂ ಬ್ಲೇಡ್, ಅಂದರೆ ನೀರು ತಳ್ಳುವ ಚಪ್ಪಟೆ ಭಾಗದ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಕಾಲು ಕೂರುವ ಜಾಗ. ಫುಲ್ ಫುಟ್ ಫಿನ್ ಬರಿಗಾಲಿಗೆ ಹಿಮ್ಮಡಿಯೂ ಮುಚ್ಚುವಂತೆ ಶೂ ತರ ಹಾಕುವಂಥದ್ದು, ಹಗುರ, ಬೆಚ್ಚನೆಯ ನೀರಿಗೆ, ದೋಣಿಯಿಂದಲೇ ಇಳಿದು ದೋಣಿಗೇ ಹತ್ತುವ ಡೈವಿಗೆ ಸಾಕು. ನೇತ್ರಾಣಿ ಅಂಥದ್ದೇ, ಮುರುಡೇಶ್ವರದಿಂದ ಬೋಟಲ್ಲಿ ಹೋಗಿ ಅಲ್ಲೇ ಇಳಿಯುವುದು. ಓಪನ್ ಹೀಲ್ ಫಿನ್‌ಗೆ ಹಿಂದೆ ಪಟ್ಟಿ ಇರುತ್ತದೆ, ಒಳಗೆ ನಿಯೋಪ್ರೀನ್ (ರಬ್ಬರಿನಂಥ ಮೆತ್ತನೆಯ ವಸ್ತು) ಬೂಟು ಬೇಕು. ಖರ್ಚು ಜಾಸ್ತಿ, ಆದರೆ ದಡದಿಂದಲೇ ನಡೆದು ನೀರಿಗಿಳಿಯುವಲ್ಲಿ ಆ ಬೂಟಿನ ಬೆಲೆ ತಿಳಿಯುತ್ತದೆ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ನೀಮೋ ರೀಫ್‌ನಲ್ಲಿ ಕಲಿಯುವವರನ್ನು ದಡದಿಂದಲೇ ಇಳಿಸುತ್ತಾರೆ, ಬೆನ್ನ ಮೇಲೆ ಸಿಲಿಂಡರ್ ಹೊತ್ತು ಕಲ್ಲು, ಸತ್ತ ಹವಳದ ಚೂರುಗಳ ಮೇಲೆ ಬರಿಗಾಲಲ್ಲಿ ನಡೆಯುವುದು ಯಾರಿಗೆ ಬೇಕು ಹೇಳಿ? ಅಳತೆಯನ್ನು ಬೂಟು ಹಾಕಿಕೊಂಡೇ ತಗೊಳ್ಳಿ. ತೋಟಕ್ಕೆ ಗಮ್‌ಬೂಟು ಕೊಳ್ಳುವಾಗ ದಪ್ಪ ಸಾಕ್ಸ್ ಹಾಕಿ ನೋಡುತ್ತೇವಲ್ಲ, ಹಾಗೆ. ಬೆರಳು ಮಡಚಿಕೊಳ್ಳಬಾರದು, ಹಿಮ್ಮಡಿ ಎದ್ದು ಬರಬಾರದು. ಮಾರೆಸ್ ಕಂಪನಿಯ ಸೈಜೇ ಕ್ರೆಸ್ಸಿ ಕಂಪನಿಯದಕ್ಕೂ ಆಗುತ್ತದೆ ಅಂತ ಸುಮ್ನೆ ಆರ್ಡರ್ ಮಾಡಬೇಡಿ.

ಇನ್ನು ಸ್ಪ್ಲಿಟ್ ಫಿನ್. ಬ್ಲೇಡ್ ನಡುವೆ ಸೀಳಿರುತ್ತದೆ, ಕಾಲು ಮೇಲೆ ಕೆಳಗೆ ಆಡಿಸುವ ಒದೆತಕ್ಕೆ ಕಡಿಮೆ ಶ್ರಮ. ಮಂಡಿ ನೋವಿರುವವರು ಇಷ್ಟಪಡುತ್ತಾರೆ. ಆದರೆ ಕಪ್ಪೆಯಂತೆ ಕಾಲು ಬದಿಗೆ ತೆರೆದು ಒದೆಯುವ ಫ್ರಾಗ್ ಕಿಕ್ಕಿಗೆ, ನಿಂತಲ್ಲೇ ತಿರುಗುವುದಕ್ಕೆ, ಹಿಂದಕ್ಕೆ ಬರುವುದಕ್ಕೆ ಅದರಲ್ಲಿ ಹಿಡಿತ ಸಾಲದು. ಇದು ಯಾಕೆ ಮುಖ್ಯ ಅಂದರೆ, ಗೋವಾದ ಸೂಸೀಸ್ ರೆಕ್‌ನಂಥ ಮುಳುಗಿದ ಹಡಗಿನ ಹತ್ತಿರ ತಳದಲ್ಲಿ ಕೆಸರು ಇರುತ್ತದೆ, ಮೇಲೆ ಕೆಳಗೆ ಒದ್ದರೆ ನೀರು ತಳಕ್ಕೆ ಬಡಿದು ಎಲ್ಲ ಕಲಕಿ ಹಿಂದೆ ಬರುವವನಿಗೆ ಏನೂ ಕಾಣದಂತೆ ಆಗುತ್ತದೆ. ಫ್ರಾಗ್ ಕಿಕ್ಕಿನಲ್ಲಿ ನೀರು ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಹಡಗು, ಗುಹೆ ಅಂತ ಹೋಗುವವರು 1960ರ ದಶಕದಿಂದ ಬಂದಿರುವ ಸ್ಕೂಬಾಪ್ರೋ ಜೆಟ್ ಫಿನ್ ತರದ ಗಿಡ್ಡ, ಗಟ್ಟಿ ರಬ್ಬರ್ ಫಿನ್ ಬಿಡುವುದಿಲ್ಲ. ಅದರ ತೂಕ ಮಾತ್ರ ಜಾಸ್ತಿ. ತಣ್ಣೀರಲ್ಲಿ ಡ್ರೈಸೂಟ್ (ಒಳಗೆ ನೀರು ಬಿಡದೆ ಗಾಳಿ ಇರುವ ಸೂಟ್) ಹಾಕಿದಾಗ ಗಾಳಿ ಪಾದದ ಕಡೆ ಹೋಗಿ ಕಾಲು ತೇಲುತ್ತದೆ, ಆಗ ಆ ತೂಕ ವರ. ತೆಳು ಸೂಟಿನಲ್ಲಿ ನಮ್ಮ ಕಡೆಯ ಸಮುದ್ರಕ್ಕೆ ಇಳಿದರೆ ಅದೇ ತೂಕ ಕಾಲನ್ನು ಕೆಳಗೆ ಎಳೆಯಬಹುದು. ವಿಮಾನದ 15 ಕೆಜಿ ಲಗೇಜಿನಲ್ಲೂ ಅದೇ ಜಾಗ ತಿನ್ನುತ್ತದೆ.

ಉದ್ದ ಬ್ಲೇಡಿನ ಫ್ರೀಡೈವಿಂಗ್ ಫಿನ್ ಫೋಟೋದಲ್ಲಿ ಚಂದ. ಉಸಿರು ಕಟ್ಟಿ ನೇರ ಇಳಿಯುವವರಿಗೆ ಅದು. ಸಿಲಿಂಡರ್ ಕಟ್ಟಿಕೊಂಡು ಹವಳದ ನಡುವೆ ತಿರುಗುವವರಿಗೆ ಬೇಡ, ತುದಿ ಎಲ್ಲಿ ತಾಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದು, ಮಧ್ಯಮ ಗಟ್ಟಿತನದ, ಸೀಳಿಲ್ಲದ ಪ್ಯಾಡಲ್ ಬ್ಲೇಡ್, ಓಪನ್ ಹೀಲ್, ರಬ್ಬರ್ ಪಟ್ಟಿ ಬದಲು ಸ್ಪ್ರಿಂಗ್ ಪಟ್ಟಿ. ದೋಣಿಯಿಂದಲೂ ಆಗುತ್ತದೆ, ದಡದಿಂದಲೂ ಆಗುತ್ತದೆ, ಸ್ವಲ್ಪ ಸೆಳೆತ ಇದ್ದರೂ ಮುಂದೆ ಹೋಗುತ್ತದೆ. ಎಲ್ಲಕ್ಕೂ ನಂಬರ್ ಒನ್ ಅಂತೂ ಅಲ್ಲ, ಆದರೆ ಎಲ್ಲೂ ಕೈಕೊಡುವುದಿಲ್ಲ. ತುಂಬ ಗಟ್ಟಿ ಬ್ಲೇಡ್ ತಗೊಂಡರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾದರೆ ಫಿನ್ ತುದಿ ಹಿಡಿದು ನಿಮ್ಮ ಕಡೆ ಎಳೆದು ಕಾಲು ನೀಟಿ, ಬಿಡುತ್ತದೆ. ಕಾಫಿ ತೋಟದ ಏರು ಹತ್ತಿದ ಕಾಲು ನಮ್ಮದು ಅಂತ ಧೈರ್ಯ ಬೇಡ, ಒದೆತ ಬರಬೇಕಾದದ್ದು ಸೊಂಟದಿಂದ, ಮಂಡಿಯಿಂದ ಅಲ್ಲ.

ಇನ್ನೊಂದು, ಅಲ್ಲಿಂದ ಹೊರಡುವ ಮೊದಲೇ ಎಲ್ಲ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಸಿ ಬೂಟನ್ನು ಚೀಲದಲ್ಲಿ ತುರುಕಿ ಜೂನ್‌ನಲ್ಲಿ ಕೊಡಗಿಗೆ ತಂದರೆ ದೀಪಾವಳಿ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಫಿನ್ ಅನ್ನು ಗೋಡೆಗೆ ಒರಗಿಸಿ ತುದಿಯ ಮೇಲೆ ನಿಲ್ಲಿಸಬೇಡಿ, ಬಾಗಿ ಹಾಗೇ ಉಳಿಯುತ್ತದೆ.