ಅರ್ಧ ಸಂಬಳ ಬಾಡಿಗೆಗೇ ಹೋದರೆ ಮಹಾನಗರದಲ್ಲಿ ಯಾಕಿರಬೇಕು?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಮಹಾನಗರದಲ್ಲಿ ಕಟ್ಟಡ ವಿನ್ಯಾಸದ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಒಬ್ಬಳೇ ಮನೆ ಮಾಡಿಕೊಂಡಿದ್ದೇನೆ, ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗುತ್ತದೆ. ಜೊತೆಯಲ್ಲಿ ಓದಿದ ಗೆಳತಿ ಸಣ್ಣ ಊರಿನಲ್ಲಿ ಕಡಿಮೆ ಸಂಬಳಕ್ಕಿದ್ದರೂ ಪ್ರತಿ ತಿಂಗಳು ಉಳಿಸುತ್ತಾಳೆ. ಬಾಡಿಗೆ ಕಡಿಮೆಯೆಂದು ನಗರದ ಹೊರವಲಯಕ್ಕೆ ಹೋಗಲೇ? ಇಲ್ಲಾ ನಗರವನ್ನೇ ಬಿಡಲೇ?
– ಹೆಸರು ಬೇಡ

ಉತ್ತರ: ಸದ್ಯಕ್ಕೆ ನಗರ ಬಿಡಬೇಡಿ. ಹೊರವಲಯದ ಮನೆಯಂತೂ ಬೇಡವೇ ಬೇಡ.

ಗೆಳತಿಯ ಉಳಿತಾಯ ಲೆಕ್ಕಕ್ಕೆ ಸಿಗುತ್ತದೆ, ನೀವು ಕಲಿತದ್ದು ಅಷ್ಟು ಬೇಗ ಲೆಕ್ಕಕ್ಕೆ ಸಿಗುವುದಿಲ್ಲ. ಹೋರ್ಹೆ ದೆ ಲಾ ರೋಕಾ ಮತ್ತು ದಿಯೆಗೊ ಪುಗಾ ಎಂಬ ಅರ್ಥಶಾಸ್ತ್ರಜ್ಞರು ಸ್ಪೇನ್ ದೇಶದ ಉದ್ಯೋಗಿಗಳ ದಾಖಲೆಗಳನ್ನು ವರ್ಷಗಟ್ಟಲೆ ಜಾಡು ಹಿಡಿದು ನೋಡಿ, 2017ರಲ್ಲಿ ಪ್ರಬಂಧ ಪ್ರಕಟಿಸಿದರು. ದೊಡ್ಡ ನಗರದಲ್ಲಿ ದುಡಿದ ಅನುಭವಕ್ಕೆ ಬೆಲೆ ಹೆಚ್ಚು, ಮುಂದೆ ಸಣ್ಣ ಊರಿಗೆ ಹೋದರೂ ಆ ಬೆಲೆ ಬಹುಮಟ್ಟಿಗೆ ಜೊತೆಗೇ ಬರುತ್ತದೆ ಎಂದು ಅವರು ಕಂಡುಕೊಂಡರು. ನನ್ನ ಮಟ್ಟಿಗೆ ಇದೇ ದೊಡ್ಡ ಸಮಾಧಾನ. ಈ ಬಾಡಿಗೆಯನ್ನು ನೀವು ಜೀವನವಿಡೀ ಕಟ್ಟಬೇಕಿಲ್ಲ, ಕಲಿಯುವಷ್ಟು ವರ್ಷ ಕಟ್ಟಿದರೆ ಸಾಕು.

ಆದರೆ ನಗರದಲ್ಲಿದ್ದ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ನಾನೂ ನಿಮ್ಮದೇ ಕ್ಷೇತ್ರದಲ್ಲಿ ದುಡಿದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಡ್ರಾಯಿಂಗ್ ಸಮೇತ ಸೈಟಿಗೆ ಕರೆದುಕೊಂಡು ಹೋದರು. ಬೀಮ್ (ಅಡ್ಡತೊಲೆ) ಬಂದು ಕಾಲಮ್ (ಕಂಬ) ಸೇರುವ ಜಾಗದಲ್ಲಿ ಕಂಬಿಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ನಡುವೆ ಬೆರಳು ತೂರುವುದೂ ಕಷ್ಟ. "ಕಾಗದದ ಮೇಲೆ ಎಲ್ಲಾ ಸರಿಯಾಗಿದೆ. ಇಲ್ಲಿ ಕಾಂಕ್ರೀಟಿನ ಜಲ್ಲಿ ಇಳಿಯೋದು ಹೇಗಮ್ಮಾ?" ಎಂದು ಕೇಳಿದರು. ಅವತ್ತಿನಿಂದ ಯಾವ ಡ್ರಾಯಿಂಗ್ ಕೈಗೆ ಬಂದರೂ ನಾನು ಮೊದಲು ನೋಡುವುದು ಆ ಸಂದುಗಳನ್ನೇ.

ನಿಮ್ಮ ಡ್ರಾಯಿಂಗನ್ನು ಕೂತು ತಿದ್ದುವವರು ಇದ್ದಾರೆಯೇ? ಕಾಂಕ್ರೀಟ್ ಹಾಕುವ ಮುಂಚೆ ಸೈಟಿಗೆ ಕಳಿಸುತ್ತಾರೆಯೇ? ಹೋದ ವರ್ಷ ಬಾರದಿದ್ದ ಯಾವ ಕೆಲಸ ಈಗ ಬರುತ್ತದೆ? ಹೇಳಿಕೊಳ್ಳುವಂಥದ್ದು ಏನೂ ಇಲ್ಲವಾದರೆ ಅದೇ ನಗರದಲ್ಲಿ ಬೇರೆ ಸಂಸ್ಥೆ ನೋಡಿ. ಊರು ಬಿಡದೆ ಕೆಲಸ ಬದಲಿಸುವ ಅನುಕೂಲ ಸಣ್ಣ ಊರಿನಲ್ಲಿ ಸಿಗುವುದು ಕಷ್ಟ. ಹೊಸ ಸಂಸ್ಥೆಯಲ್ಲೂ ಕಲಿಸುವವರು ಸಿಗದಿದ್ದರೆ ಆಗ ಧಾರಾಳವಾಗಿ ನಗರ ಬಿಟ್ಟು ಹೊರಡಿ. ಅದರಲ್ಲಿ ಸೋಲೇನೂ ಇಲ್ಲ.

ಹೊರವಲಯ ಯಾಕೆ ಬೇಡ ಅಂದರೆ, ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಅಂದುಕೊಳ್ಳಿ. ತಿಂಗಳಿಗೆ 22 ದಿನ ಕೆಲಸವಿದ್ದರೆ 66 ಗಂಟೆ ದಾರಿಯಲ್ಲೇ ಕಳೆಯಿತು, ಎಂಟು ದಿನದ ದುಡಿಮೆಗಿಂತ ಹೆಚ್ಚು. ಸಂಜೆ ಹಿರಿಯರ ಜೊತೆ ಇನ್ನರ್ಧ ಗಂಟೆ ಕೂರಬೇಕೆನಿಸಿದರೂ ಕೊನೆಯ ಬಸ್ಸಿನ ಚಿಂತೆ. ದುಬಾರಿ ನಗರಕ್ಕೆ ಯಾವುದಕ್ಕಾಗಿ ಬಂದಿರೋ ಅದನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ.

ಹಾಗಂತ ಅರ್ಧ ಸಂಬಳ ಬಾಡಿಗೆಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಒಬ್ಬರೇ ಇರುವುದನ್ನು ಬಿಟ್ಟು, ಆಫೀಸಿಗೆ ಹತ್ತಿರದಲ್ಲೇ ಇನ್ನೊಬ್ಬರ ಜೊತೆ ಮನೆ ಹಂಚಿಕೊಳ್ಳಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಒಬ್ಬರು ಮಧ್ಯದಲ್ಲಿ ಬಿಟ್ಟರೆ ಮುಂಗಡದ ಹಣ ಏನಾಗಬೇಕು ಅನ್ನುವುದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಉಳಿದ ದುಡ್ಡು ಮೂರು ತಿಂಗಳ ಖರ್ಚಿಗೆ ಆಗುವಷ್ಟು ಸೇರುವ ತನಕ ಮುಟ್ಟಬೇಡಿ. ಅಷ್ಟು ಕೈಯಲ್ಲಿದ್ದರೆ, ಏನೂ ಕಲಿಸದ ಕೆಲಸಕ್ಕೆ ರಾಜೀನಾಮೆ ಕೊಡುವ ಧೈರ್ಯ ಬರುತ್ತದೆ.