ಸೋತ ಕೋಚ್‌ಗೆ ಮುಂದೇನು: ಹೊಸದಾಗಿ ಬಂದವರೊಬ್ಬರ ಪ್ರಶ್ನೆಗೆ ಉತ್ತರ

ಕನ್ನಡ ಕೂಟದ ಹಿರಿಯರೊಬ್ಬರು ನಿಮ್ಮ ಪತ್ರವನ್ನು ನನಗೆ ತಲುಪಿಸಿದ್ದಾರೆ. ಆಗಸ್ಟಿನಲ್ಲಿ ಎಂ.ಎಸ್. ಓದಲು ಬಂದ ನೀವು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಪಂದ್ಯಗಳ ಅಂಕಿಅಂಶ ಲೆಕ್ಕ ಹಾಕಿಕೊಡುವ ಅರೆಕಾಲಿಕ ಕೆಲಸಕ್ಕೆ ಸೇರಿದ್ದೀರಿ. ತಂಡ ಈ ಸಲ ಆಡಿದ 11 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿದೆ, ನಿಮಗೆ ಕೆಲಸ ಕೊಟ್ಟ ಹೆಡ್ ಕೋಚ್ ಅವರನ್ನು ತೆಗೆಯುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅವರಿಗೆ ಇನ್ನೆಲ್ಲಾದರೂ ಕೆಲಸ ಸಿಗುತ್ತದೆಯೇ, ನಿಮ್ಮ ಗತಿಯೇನು, ಇಂಥ ಹೊತ್ತಿನಲ್ಲಿ ಅವರನ್ನು ಮಾತನಾಡಿಸಬಹುದೇ ಎಂದು ಕೇಳಿದ್ದೀರಿ. ಜೊತೆಗೆ ಬಾಡಿಗೆ ಮನೆ, ಕಾರು, ಚಳಿಯ ಬಟ್ಟೆಗಳ ಬಗ್ಗೆಯೂ ವಿಚಾರಿಸಿದ್ದೀರಿ. ಮನೆಯನ್ನು ಕ್ಯಾಂಪಸ್ ಬಸ್ಸು ಬರುವ ಕಡೆ ಹಿಡಿಯಿರಿ, ಮೊದಲ ಚಳಿಗಾಲ ಕಳೆಯುವ ತನಕ ಕಾರು ಕೊಳ್ಳಬೇಡಿ, ಬೂಟಿನ ವಿಷಯದಲ್ಲಿ ಮಾತ್ರ ಹಣದ ಮುಖ ನೋಡಬೇಡಿ. ಅವು ನಾಲ್ಕು ದಿನದಲ್ಲಿ ತಾವಾಗಿಯೇ ತಿಳಿಯುವ ಸಂಗತಿಗಳು. ಕೋಚ್ ವಿಷಯ ಹಾಗಲ್ಲ. ನಾನು ಅದನ್ನು ತಡವಾಗಿ ತಿಳಿದುಕೊಂಡವನು.

ನಾನು ಡೆಟ್ರಾಯಿಟ್ ಸಮೀಪದ ಟ್ರಾಯ್ ಎಂಬ ಊರಿಗೆ ಬಂದದ್ದು 2008ರ ಅಕ್ಟೋಬರಿನಲ್ಲಿ, ಕಾರಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಕಂಪನಿಯ ಕೆಲಸಕ್ಕೆ. ಆ ವರ್ಷ ಆ ಊರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕುಸಿಯುತ್ತಿದ್ದವು: ಒಂದು ಮೋಟಾರು ಉದ್ಯಮ, ಇನ್ನೊಂದು ಡೆಟ್ರಾಯಿಟ್ ಲಯನ್ಸ್ ಎಂಬ ಫುಟ್‌ಬಾಲ್ ತಂಡ. ಥ್ಯಾಂಕ್ಸ್‌ಗಿವಿಂಗ್ ದಿನ ನನ್ನ ಮ್ಯಾನೇಜರ್ ನನ್ನನ್ನು ತಮ್ಮ ಮನೆಗೆ ಊಟಕ್ಕೆ ಕರೆದರು. ನಾನು ಮಾಂಸ ತಿನ್ನುವುದಿಲ್ಲವೆಂದು ಅವರ ಹೆಂಡತಿ ಹುರುಳಿಕಾಯಿ, ಆಲೂಗಡ್ಡೆ ಬೇಯಿಸಿ ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದರು. ಟಿ.ವಿ.ಯಲ್ಲಿ ಲಯನ್ಸ್ ತಂಡ ಟೆನ್ನೆಸ್ಸೀ ಟೈಟನ್ಸ್ ಎದುರು 47–10ರಿಂದ ಸೋಲುತ್ತಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎನ್ನುತ್ತಾರೆಂಬುದೇ ನನಗೆ ಹೊಸತು. ಆದರೆ ಗೆರೆಯ ಪಕ್ಕದಲ್ಲಿ ನಿಂತಿದ್ದ ಹೆಡ್ ಕೋಚ್ ರಾಡ್ ಮರಿನೆಲ್ಲಿ ಅವರ ಮುಖ ನನಗೆ ಅರ್ಥವಾಯಿತು. ಮಳೆಗಾಲದಲ್ಲಿ ಕೊಳೆರೋಗ ಬಂದು ಹಸಿ ಅಡಿಕೆಯೆಲ್ಲ ಉದುರಿದ ತೋಟದಲ್ಲಿ ನಿಂತವರ ಮುಖ ಹಾಗೆಯೇ ಇರುತ್ತದೆ.

ಡಿಸೆಂಬರ್ 28ರಂದು ಗ್ರೀನ್ ಬೇಯಲ್ಲಿ 31–21ರಿಂದ ಸೋತು ಲಯನ್ಸ್ ತಂಡ 16ಕ್ಕೆ 16 ಪಂದ್ಯಗಳನ್ನೂ ಕಳೆದುಕೊಂಡಿತು. ಎನ್.ಎಫ್.ಎಲ್., ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ಚರಿತ್ರೆಯಲ್ಲಿ ಹಾಗೆ ಆದದ್ದು ಅದೇ ಮೊದಲು. ಮರುದಿನವೇ ಮರಿನೆಲ್ಲಿ ಅವರನ್ನು ತೆಗೆದರು. ಮೂರು ವರ್ಷಗಳಲ್ಲಿ 10 ಗೆಲುವು, 38 ಸೋಲು ಅವರ ಲೆಕ್ಕಕ್ಕೆ ಬಿದ್ದಿತ್ತು. ಇನ್ನು ಈ ಮನುಷ್ಯನನ್ನು ಯಾರೂ ಹತ್ತಿರ ಸೇರಿಸುವುದಿಲ್ಲವೆಂದು ನಾನು ನಂಬಿದ್ದೆ. ಆದರೆ ಮುಂದಿನ ತಿಂಗಳೇ ಅದೇ ವಿಭಾಗದ ಎದುರಾಳಿ ತಂಡವಾದ ಶಿಕಾಗೊ ಬೇರ್ಸ್ ಅವರನ್ನು ಸಹಾಯಕ ಕೋಚ್ ಆಗಿ ತೆಗೆದುಕೊಂಡಿತು. ಅಲ್ಲಿ ಹೆಡ್ ಕೋಚ್ ಆಗಿದ್ದ ಲವಿ ಸ್ಮಿತ್ ಮತ್ತು ಮರಿನೆಲ್ಲಿ 1996ರಿಂದ ಕೆಲವು ವರ್ಷ ಟ್ಯಾಂಪಾ ಬೇ ತಂಡದಲ್ಲಿ ಜೊತೆಗೆ ದುಡಿದವರು. 2010ರಲ್ಲಿ ಮರಿನೆಲ್ಲಿ ಅಲ್ಲಿನ ಇಡೀ ರಕ್ಷಣಾ ವಿಭಾಗದ ಹೊಣೆ ಹೊತ್ತರು, ಬಳಿಕ ಡಲ್ಲಾಸ್ ಕೌಬಾಯ್ಸ್ ತಂಡದಲ್ಲೂ ಅದೇ ಹೊಣೆ ನಿರ್ವಹಿಸಿದರು. ಹೆಡ್ ಕೋಚ್ ಮಾತ್ರ ಮತ್ತೆ ಆಗಲಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇದರಲ್ಲೇ ಇದೆ. ಕೆಟ್ಟ ಸೀಸನ್ ಕಂಡ ಹೆಡ್ ಕೋಚ್ ಸಾಮಾನ್ಯವಾಗಿ ಬೀದಿಗೆ ಬೀಳುವುದಿಲ್ಲ, ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾರೆ. ಇಳಿದವರು ಮತ್ತೆ ಅದೇ ಮೆಟ್ಟಿಲು ಏರುವುದು ಬೇರೆ ಮಾತು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಹ್ಯೂ ಜಾಕ್ಸನ್ 2016ರಲ್ಲಿ ಒಂದೇ ಪಂದ್ಯ ಗೆದ್ದು, 2017ರಲ್ಲಿ 16ನ್ನೂ ಸೋತು, ಆದರೂ ಕೆಲಸ ಉಳಿಸಿಕೊಂಡು, ಕೊನೆಗೆ 2018ರ ಅಕ್ಟೋಬರಿನಲ್ಲಿ ಸೀಸನ್ ನಡುವೆ ಹೊರಬಿದ್ದರು. ಒಟ್ಟು 40 ಪಂದ್ಯಗಳಲ್ಲಿ 3 ಗೆಲುವು, 1 ಸಮ. ಅವರು ಮತ್ತೆ ಹೆಡ್ ಕೋಚ್ ಆದದ್ದು ಎನ್.ಎಫ್.ಎಲ್.ನಲ್ಲಿ ಅಲ್ಲ, ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಸ್ಟೇಟ್ ಎಂಬ, ಕಪ್ಪು ಜನರ ಶಿಕ್ಷಣಕ್ಕಾಗಿಯೇ ಹುಟ್ಟಿದ ವಿಶ್ವವಿದ್ಯಾಲಯದಲ್ಲಿ. ಅಲ್ಲಿಯೂ ಎರಡು ಸೀಸನ್ನಿಗೆ ಮುಗಿಯಿತು.

ವಿಶ್ವವಿದ್ಯಾಲಯಗಳ ಫುಟ್‌ಬಾಲಿನಲ್ಲಿ, ಅಂದರೆ ನೀವಿರುವ ಲೋಕದಲ್ಲಿ, ಹಿಂದಿರುಗುವ ದಾರಿ ಇನ್ನೂ ಸ್ವಲ್ಪ ಅಗಲವಾಗಿದೆ. ಮೈಕ್ ಲಾಕ್ಸ್‌ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 28 ಪಂದ್ಯಗಳಲ್ಲಿ 2 ಗೆದ್ದು 2011ರಲ್ಲಿ ಕೆಲಸ ಕಳೆದುಕೊಂಡರು. ಮುಂದೆ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಆಗ ಹೆಡ್ ಕೋಚ್ ಆಗಿದ್ದ ನಿಕ್ ಸೇಬನ್ ಅವರ ಕೈಕೆಳಗೆ ವಿಶ್ಲೇಷಕನ ಸಣ್ಣ ಹುದ್ದೆಯಲ್ಲಿ ಕುಳಿತು, ಹಂತಹಂತವಾಗಿ ಮೇಲೆ ಬಂದು, 2018ರಲ್ಲಿ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಪಡೆದು, ಅದೇ ಡಿಸೆಂಬರಿನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೆಡ್ ಕೋಚ್ ಆದರು. ಟೆನ್ನೆಸ್ಸೀ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ 4 ಗೆದ್ದು 6 ಸೋತು ಸೀಸನ್ ನಡುವೆಯೇ ಕೆಲಸ ಕಳೆದುಕೊಂಡ ಬುಚ್ ಜೋನ್ಸ್ ಕೂಡ ಅಲಬಾಮಾದ ಅದೇ ಕೋಣೆಗಳಲ್ಲಿ ಮೂರು ಸೀಸನ್ ದುಡಿದು, ಅರ್ಕಾನ್ಸಾ ಸ್ಟೇಟ್‌ಗೆ ಹೆಡ್ ಕೋಚ್ ಆಗಿ ಹೋದರು. ಸೋತು ಬಂದವರನ್ನು ಕರೆದು ಕೂರಿಸಿ ಕೆಲಸ ಕೊಟ್ಟದ್ದು ಸೇಬನ್ ಅವರ ದೊಡ್ಡ ಗುಣವೆಂದು ನಾನು ಎಣಿಸುತ್ತೇನೆ. ಅದರಿಂದ ಅವರ ತಂಡಕ್ಕೂ ಲಾಭವಾಯಿತೆಂಬುದು ಆ ಗುಣವನ್ನು ಕಡಿಮೆ ಮಾಡುವುದಿಲ್ಲ.

ಇವರೆಲ್ಲ ಸಣ್ಣ ಹುದ್ದೆಗೆ ಹೇಗೆ ಒಪ್ಪುತ್ತಾರೆಂದು ನಿಮಗೆ ಅನ್ನಿಸಬಹುದು. ಒಪ್ಪಂದದ ಹಣ ಅದಕ್ಕೊಂದು ಕಾರಣ. ಅವಧಿಗೆ ಮುಂಚೆ ತೆಗೆದರೆ ವಿಶ್ವವಿದ್ಯಾಲಯ ಬೈಔಟ್ ಎಂಬ ಪರಿಹಾರ ಕೊಡಬೇಕು. ನೆಬ್ರಾಸ್ಕಾ ವಿಶ್ವವಿದ್ಯಾಲಯ 2022ರ ಸೆಪ್ಟೆಂಬರ್ 11ರಂದು ಸ್ಕಾಟ್ ಫ್ರಾಸ್ಟ್ ಅವರನ್ನು ತೆಗೆದಾಗ ಕೊಡಬೇಕಾಗಿ ಬಂದ ಮೊತ್ತ ಸುಮಾರು 1.5 ಕೋಟಿ ಡಾಲರ್. ಅಕ್ಟೋಬರ್ 1ರ ತನಕ ಕಾದಿದ್ದರೆ ಅದು ಅರ್ಧಕ್ಕೆ ಇಳಿಯುತ್ತಿತ್ತು, ಅಷ್ಟು ಕಾಯುವ ತಾಳ್ಮೆಯೂ ಅವರಿಗೆ ಉಳಿದಿರಲಿಲ್ಲ. ಅದೇ ರಾಜ್ಯದಲ್ಲಿ ಬೆಳೆದು ಅದೇ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದ ಹುಡುಗ, ಕೋಚ್ ಆಗಿ 16 ಗೆದ್ದು 31 ಸೋತಿದ್ದರು. 2024ರ ಡಿಸೆಂಬರಿನಲ್ಲಿ ಫ್ರಾಸ್ಟ್ ಅವರನ್ನು ಮತ್ತೆ ಹೆಡ್ ಕೋಚ್ ಆಗಿ ಕರೆದದ್ದು ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ, 2017ರಲ್ಲಿ ಅವರು 13ಕ್ಕೆ 13 ಗೆದ್ದುಕೊಟ್ಟಿದ್ದ ಹಳೆಯ ಮನೆ.

ತೆಗೆಯದೆ ಕಾದವರ ಉದಾಹರಣೆಗಳೂ ಇವೆ, ನಿಮ್ಮ ಕೋಚ್ ಪಾಲಿಗೆ ಹಾಗಾಗಲಿ ಎಂದು ನಾನೂ ಹಾರೈಸುತ್ತೇನೆ. ಜಿಮ್ಮಿ ಜಾನ್ಸನ್ ಡಲ್ಲಾಸ್‌ನಲ್ಲಿ 1989ರಲ್ಲಿ 16ಕ್ಕೆ ಒಂದೇ ಗೆದ್ದು, ಮೂರೇ ವರ್ಷದ ನಂತರ 1992ರ ಸೀಸನ್ನಿನಲ್ಲಿ ಎನ್.ಎಫ್.ಎಲ್.ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಮ್ಯಾಟ್ ರೂಲ್ ಬೇಲರ್ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ 1 ಗೆದ್ದು 11 ಸೋತವರು, 2019ರಲ್ಲಿ 11 ಗೆದ್ದರು. ನಮ್ಮ ಲಯನ್ಸ್ ತಂಡದ ಡ್ಯಾನ್ ಕ್ಯಾಂಬೆಲ್ 2021ರಲ್ಲಿ 17 ಪಂದ್ಯಗಳಲ್ಲಿ 3 ಗೆದ್ದಾಗ, ಮರುವರ್ಷ ಮೊದಲ ಏಳರಲ್ಲಿ ಒಂದೇ ಗೆದ್ದಾಗ, ಊರಿನಲ್ಲಿ ಹಳೆಯ ಮಾತುಗಳೇ ಎದ್ದವು. ಮಾಲೀಕರು ಅಲುಗಲಿಲ್ಲ. 2024ರಲ್ಲಿ ಅದೇ ತಂಡ 17ರಲ್ಲಿ 15 ಗೆದ್ದಿತು, ಆ ವರ್ಷ ಈ ಊರಿನವನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಾಯಿತು. ಆದರೆ ಇವೆಲ್ಲ ಬಂದು ಒಂದೆರಡು ವರ್ಷವಾದವರಿಗೆ ಸಿಕ್ಕ ಅವಕಾಶಗಳು ಎಂಬುದನ್ನು ಗಮನಿಸಿ. ಅದು ಎಲ್ಲರಿಗೂ ಸಮನಾಗಿ ಸಿಗುವುದೂ ಇಲ್ಲ. ಹ್ಯೂಸ್ಟನ್ ಟೆಕ್ಸನ್ಸ್ ತಂಡ 2021ರ ಸೀಸನ್ ಮುಗಿದಾಗ ಡೇವಿಡ್ ಕಲ್ಲಿ ಅವರನ್ನೂ 2022ರ ಸೀಸನ್ ಮುಗಿದಾಗ ಲವಿ ಸ್ಮಿತ್ ಅವರನ್ನೂ ಒಂದೊಂದೇ ಸೀಸನ್ನಿಗೆ ತೆಗೆಯಿತು. ಇಬ್ಬರೂ ಕಪ್ಪು ವರ್ಣೀಯರು. ಮರಿನೆಲ್ಲಿ ಅವರಿಗೆ ಬಾಗಿಲು ತೆರೆದ ಆ ಸ್ಮಿತ್ ಅವರಿಗೇ ಹೀಗಾದದ್ದು ನನಗೆ ಬಹಳ ನೋವು ಕೊಟ್ಟಿತು.

ಈಗ ನಿಮ್ಮ ಮೂರನೆಯ ಪ್ರಶ್ನೆ, ನಾನು ಈ ಉತ್ತರ ಬರೆಯಲು ಕುಳಿತದ್ದೇ ಅದಕ್ಕಾಗಿ. 2009ರ ಜನವರಿಯಲ್ಲಿ, ಮರಿನೆಲ್ಲಿ ಶಿಕಾಗೊಗೆ ಹೋದ ಹೊತ್ತಿನಲ್ಲೇ, ನನಗೆ ಊಟ ಹಾಕಿದ ಮ್ಯಾನೇಜರ್ ಅವರನ್ನು ಕಂಪನಿ ತೆಗೆದುಹಾಕಿತು. ನಾನು ಅವರಿಗೆ ಒಂದು ಫೋನು ಮಾಡಲಿಲ್ಲ. ನಿರ್ದಯೆಯಿಂದ ಅಲ್ಲ. ತೋಟ ಹೋದವರ ಮನೆಗೆ ನನ್ನ ತಂದೆ ಹೇಗೆ ಹೋಗುತ್ತಿದ್ದರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ: ಜಗಲಿಯಲ್ಲಿ ಕುಳಿತು, ಕವಳ ಹಾಕಿ, ಮಳೆಯ ಮಾತು ಎರಡು ಆಡಿ, ನಷ್ಟದ ಮಾತು ಎತ್ತದೆ ಎದ್ದು ಬರುತ್ತಿದ್ದರು, ಅಷ್ಟರಲ್ಲಿ ಹೇಳಬೇಕಾದದ್ದೆಲ್ಲ ಹೇಳಿದಂತಾಗುತ್ತಿತ್ತು. ಇಲ್ಲಿ ಕೂರಲು ಜಗಲಿ ಇರಲಿಲ್ಲ. ಫೋನು ಮಾಡಿದರೆ ಗಾಯ ಕೆದಕಿದಂತಾಗುತ್ತದೆಂದು ಎಣಿಸಿ, ನನ್ನ ಮೌನವನ್ನು ಅವರು ಗೌರವವೆಂದೇ ತಿಳಿಯುತ್ತಾರೆಂದು ನಂಬಿದೆ. ಅವರು ಅದನ್ನು ಏನೆಂದು ತಿಳಿದರೋ ನಾನು ಕೇಳಿದವನಲ್ಲ. ಮಾರ್ಚಿನಲ್ಲಿ ಓಹಾಯೋ ರಾಜ್ಯದ ಒಂದು ಕಾರ್ಖಾನೆಯಲ್ಲಿ, ಮೊದಲಿಗಿಂತ ಕೆಳಗಿನ ಹುದ್ದೆಯಲ್ಲಿ, ಅವರಿಗೆ ಕೆಲಸ ಸಿಕ್ಕಿತು. ಅಲ್ಲಿಗೆ ನಮ್ಮ ಗುಂಪಿನ ಮೂವರನ್ನು ಕರೆಸಿಕೊಂಡರು. ಮೂವರೂ ಜನವರಿಯಲ್ಲಿ ಅವರನ್ನು ಮಾತನಾಡಿಸಿದವರು. ಫೆಬ್ರವರಿಯಲ್ಲಿ ನನ್ನ ಕೆಲಸವೂ ಹೋಗಿತ್ತು. ಎಚ್-1ಬಿ ಎಂಬ ಉದ್ಯೋಗ ವೀಸಾದವರು ಬೇರೆ ಕೆಲಸ ಹುಡುಕಲು ಈಗ ಸಿಗುವ 60 ದಿನಗಳ ಕಾಲಾವಕಾಶ ಆಗ ಇರಲಿಲ್ಲ, ಅದು ಬಂದದ್ದು 2017ರಲ್ಲಿ. ನಾನು ಸೂಟ್‌ಕೇಸ್ ತುಂಬಿಕೊಂಡು ತೀರ್ಥಹಳ್ಳಿಗೆ ಮರಳಿದೆ, ಮತ್ತೆ ಇಲ್ಲಿಗೆ ಬರಲು 14 ತಿಂಗಳು ಹಿಡಿಯಿತು.

ಕೆಲಸ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಬೇರೆ ಪಾತ್ರೆಯಲ್ಲಿ ನನಗಾಗಿ ಬೇಯಿಸಿಟ್ಟ ಆ ಹುರುಳಿಕಾಯಿ ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ಹೋಗಿ ಮಾತನಾಡಿಸಿ. ಸೋಲಿನ ವಿಶ್ಲೇಷಣೆ ಬೇಡ, ಸಮಾಧಾನದ ದೊಡ್ಡ ಮಾತೂ ಬೇಡ. ನೀವು ಕೊಟ್ಟ ಕೆಲಸದಿಂದ ಇಂಥಿಂಥದ್ದು ಕಲಿತೆ, ನೀವು ಎಲ್ಲಿಗೆ ಹೋದರೂ ನಿಮ್ಮ ಸಂಪರ್ಕದಲ್ಲಿರಲು ಇಷ್ಟಪಡುತ್ತೇನೆ ಎಂದರೆ ಸಾಕು. ಶಿಫಾರಸು ಪತ್ರ ಬೇಕಿದ್ದರೆ ಅದನ್ನೂ ಸಂಕೋಚವಿಲ್ಲದೆ ಕೇಳಿ, ಇಲ್ಲಿ ಅದು ದಾಕ್ಷಿಣ್ಯಕ್ಕೆ ಸಿಕ್ಕಿಸಿದಂತೆ ಅಲ್ಲ. ಹೊಸ ಹೆಡ್ ಕೋಚ್ ಬರುವಾಗ ಸಹಾಯಕರಿಂದ ಹಿಡಿದು ವಿಡಿಯೊ ನೋಡುವವರ ತನಕ ತಮ್ಮವರನ್ನೇ ಕರೆತರುವುದು ವಾಡಿಕೆ. ಕೆಳಗಿನವರಿಗೆ ಕೋಟಿಗಟ್ಟಲೆ ಬೈಔಟ್ ಇರುವುದಿಲ್ಲ, ಕೋಚ್ ಬೀಳುವಾಗ ಮೊದಲು ನೆಲ ಮುಟ್ಟುವವರು ಅವರೇ. ನಿಮ್ಮ ಎಫ್-1 ವಿದ್ಯಾರ್ಥಿ ವೀಸಾ ನಿಂತಿರುವುದು ಓದಿನ ಮೇಲೆ, ಈ ಕೆಲಸದ ಮೇಲೆ ಅಲ್ಲ, ಆ ಭಯ ಬಿಡಿ. ಆದರೆ ಶುಲ್ಕದ ರಿಯಾಯಿತಿ ಈ ಕೆಲಸಕ್ಕೆ ಅಂಟಿಕೊಂಡಿದೆಯೇ ಎಂದು ವಿಭಾಗದ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ, ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯ ಇನ್ನೊಂದು ಕೆಲಸ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ.

ಕೊನೆಯ ಪಂದ್ಯ ಬರುವ ಶನಿವಾರ ಎಂದು ಬರೆದಿದ್ದೀರಿ. ಹೊಸ ಆಟಗಾರರು ಸಹಿ ಹಾಕುವ ದಿನಗಳು ಡಿಸೆಂಬರಿನಲ್ಲೇ ಇರುವುದರಿಂದ ಆಡಳಿತದವರು ತಡಮಾಡುವುದಿಲ್ಲ. ಭಾನುವಾರ ನೀವು ಹೋಗುವ ಹೊತ್ತಿಗೆ ಅವರ ಕೋಣೆ ಖಾಲಿಯಾಗಿರಬಹುದು. ಗುರುವಾರ ಅಭ್ಯಾಸ ಮುಗಿದ ಮೇಲೆ ಹೋಗಿ.