ಜೊತೆಗೆ ಕೂತು ಉಣ್ಣದ ಯಜಮಾನರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 58. ಗಂಟಲ ಕ್ಯಾನ್ಸರ್‌ಗೆ 35 ಸಲ ರೇಡಿಯೇಶನ್ ಮುಗಿದು ಐದು ವಾರವಾಗಿತ್ತು. ಮೂಗಿನಲ್ಲಿ ಊಟದ ನಳಿಕೆ, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಎರಡು ಮಾತಿಗೊಮ್ಮೆ ಗೋಡೆಯ ಕಡೆ ತಿರುಗಿ ಉಗುಳುತ್ತಿದ್ದರು.

"ಹಲಸಿನ ಮೇಣದ ಹಾಗೆ ಅಂಟು ಕಫ ಮೇಡಂ. ನಾವು ಊಟಕ್ಕೆ ಕೂತರೆ ಇವರು ಹಿತ್ತಲಿಗೆ ಹೋಗ್ತಾರೆ," ಎಂದರು ಹೆಂಡತಿ.

"ನನಗೇ ಅಸಹ್ಯ ಆಗತ್ತೆ," ಎಂದು ಅವರು ಪಿಸುಗುಟ್ಟಿದರು.

ಇಬ್ಬರಿಗೂ ಒಂದು ಭಯ: ಕಫ ಹೆಚ್ಚಿದೆ, ಅಂದರೆ ಗಡ್ಡೆ ಮತ್ತೆ ಬಂದಿದೆ. ಅದನ್ನು ಪರೀಕ್ಷಿಸಿ ಹೇಳಬೇಕಾದವರು ಡಾಕ್ಟರು. ಫಾಲೋಅಪ್ ತಪ್ಪಿಸಬೇಡಿ ಎಂದೆ. ಆದರೆ ಚಿಕಿತ್ಸೆ ಮುಗಿದ ಮೊದಲ ವಾರಗಳಲ್ಲಿ ಹೀಗಾಗುವುದು ತೀರಾ ಸಾಮಾನ್ಯ. ವಿಕಿರಣಕ್ಕೆ ಸಿಕ್ಕ ಜೊಲ್ಲಿನ ಗ್ರಂಥಿಗಳು ನೀರಾದ ಜೊಲ್ಲು ಸುರಿಸುವುದನ್ನು ಕಡಿಮೆ ಮಾಡುತ್ತವೆ, ಉಳಿಯುವುದು ಲೋಳೆ. ನುಂಗಲಾಗದ್ದರಿಂದ ಅದು ಗಂಟಲಲ್ಲೇ ನಿಲ್ಲುತ್ತದೆ.

ಮನೆಯಲ್ಲಿ "ನೀರು ಕೊಟ್ಟರೆ ಶೀತ" ಎಂದು ನೀರು ಕಡಿಮೆ ಮಾಡಿ, ಕಾಳುಮೆಣಸಿನ ಕಷಾಯದಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದರು. ಪ್ರೀತಿಯಿಂದಲೇ. ನೀರು ಕಡಿಮೆಯಾದಷ್ಟೂ ಲೋಳೆ ಗಟ್ಟಿ, ಹುಣ್ಣಾದ ಬಾಯಿಗೆ ಮೆಣಸು ಬೆಂಕಿ. ಎರಡನ್ನೂ ಬಿಡಿಸಿದೆ. ಡಾಕ್ಟರು ಹೇಳಿದಷ್ಟು ನೀರು ನಳಿಕೆಯಲ್ಲಿ ಹೋಗಲಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಿ ಉಗುಳಲಿ. ರಾತ್ರಿ ತಲೆ, ಎದೆ ಎತ್ತರಕ್ಕಿರಲಿ. ಸಲೈನ್ ನೆಬ್ಯುಲೈಸರ್ (ಉಪ್ಪುನೀರನ್ನು ಮಂಜಿನ ಹಾಗೆ ಮಾಡಿ ಉಸಿರಿನಲ್ಲಿ ಎಳೆದುಕೊಳ್ಳುವ ಯಂತ್ರ) ಬೇಕೇ ಎಂದು ಡಾಕ್ಟರನ್ನು ಕೇಳಿ ಎಂದೆ.

ನನಗೆ ಹೆಚ್ಚು ಆತಂಕ ತಂದದ್ದು ಬೇರೆ. ನಳಿಕೆ ಹಾಕಿದ ಮೇಲೆ ಅವರು ನುಂಗುವುದನ್ನೇ ಬಿಟ್ಟಿದ್ದರು. ಕೆಲಸವಿಲ್ಲದ ಗಂಟಲ ಸ್ನಾಯುಗಳು ಬಿಗಿದು ಸೊರಗುತ್ತವೆ. ತಿಂಗಳುಗಟ್ಟಲೆ ಬಿಟ್ಟರೆ ಮರಳಿ ಪಡೆಯುವುದು ಕಷ್ಟ. ಹೆಂಡತಿ ಒತ್ತಾಯಿಸಿ ಒಂದು ಗುಟುಕು ಕಾಫಿ ಕುಡಿಸಿದಾಗ ಕೆಮ್ಮು ಬಂದು ಉಸಿರು ಕಟ್ಟಿತ್ತು, ಅಂದಿನಿಂದ ಹೆದರಿಕೆ. ತಪ್ಪು ಇಬ್ಬರದ್ದೂ ಅಲ್ಲ. ತೆಳು ದ್ರವ ಶ್ವಾಸನಾಳಕ್ಕೆ ಜಾರುವುದು ಸುಲಭ, ಕೆಲವರಿಗೆ ಕೆಮ್ಮೂ ಬರದೆ ಜಾರುತ್ತದೆ. ಹಾಗಾಗಿ ಮನೆಯಲ್ಲಿ ಪ್ರಯೋಗ ಬೇಡ, ನುಂಗುವಿಕೆಯ ತರಬೇತಿ ಪಡೆದ ವಾಕ್ ಚಿಕಿತ್ಸಕರು (ಸ್ಪೀಚ್ ಥೆರಪಿಸ್ಟ್) ನೋಡಿ ಹೇಳಲಿ ಎಂದು ಕಳಿಸಿದೆ. ಏನಾದರೂ ನುಂಗಿದ ಮೇಲೆ ದನಿ ಗೊರಗೊರ ಎಂದರೆ, ಜ್ವರ ಬಂದರೆ, ಉಸಿರು ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಊಟದ ವಿಷಯ ಅವರೊಬ್ಬರ ಬಳಿಯೇ ಮಾತಾಡಿದೆ. "ಯಜಮಾನ್ರೇ, ಕಫ ಉಗುಳೋದು ಈಗ ನಿಮಗೆ ಔಷಧಿ ಇದ್ದ ಹಾಗೆ. ಡಬ್ಬಿ ಪಕ್ಕದಲ್ಲೇ ಇಟ್ಕೊಳ್ಳಿ, ಎದ್ದು ಹೋಗಬೇಡಿ."

ಎರಡು ತಿಂಗಳಾದ ಮೇಲೆ ಬಂದರು. ನಳಿಕೆ ಇನ್ನೂ ಇತ್ತು. ಚಿಕಿತ್ಸಕರು ಒಪ್ಪಿದ ಹದಕ್ಕೆ ಗಟ್ಟಿಯಾಗಿ ಕಾಸಿದ ರಾಗಿ ಅಂಬಲಿಯನ್ನು ಗದ್ದ ಎದೆಗೆ ಬಾಗಿಸಿ ಎಂಟು ಚಮಚ ನುಂಗುತ್ತಾರಂತೆ, ಅರ್ಧ ಗಂಟೆ ಹಿಡಿಯುತ್ತದಂತೆ. "ಎಲ್ಲರದ್ದೂ ಮುಗಿದಿರತ್ತೆ," ಎಂದರು ಹೆಂಡತಿ, "ನಾನು ತಟ್ಟೆ ತೆಗೆಯದೆ ಕೂತಿರ್ತೀನಿ."